ನವಿ ಪೇಠದಾಗ ರಿಮೋಟ್ ಖರೀದಿ

(ಸೊಲ್ಲಾಪುರದ ನವಿ ಪೇಠ. ಅಕ್ಕಲಕೋಟದ ಗಿರಾಕಿ, ಅಂಗಡಿ ಮಾಲಕ.)

ಗಿರಾಕಿ: ಟಿವಿ, ಡಿಶ್, ಹೋಮ್ ಥಿಯೇಟರ್, ಎ.ಸಿ. ಎಲ್ಲಾದಕ್ಕೂ ಬ್ಯಾರೆ ಬ್ಯಾರೆ ರಿಮೋಟ್ ಅದಾವ್ರಿ. ಎಲ್ಲಾ ಒಂದರಾಗ ಬರೂವಂಥಾ ಟ್ಯಾಬ್ ಕೊಡ್ರಿ.

ಮಾಲಕ: ಇದು ತಗೋರಿ. ಹನ್ನೊಂದು ಇಂಚು, ನಾಕು ಸ್ಪೀಕರ್, ಪೆನ್ನೂ ಐತಿ.

ಗಿರಾಕಿ: ಇನ್‌ಫ್ರಾರೆಡ್ ಐತೇನ್ರಿ?

ಮಾಲಕ: ಫೈವ್‌ಜಿ ಐತಲ್ರಿ!

ಗಿರಾಕಿ: ಅದಲ್ರಿ ಸಾವಕಾರ್ರ. ಹಳೀ ಟಿವಿಗೆ ಕಣ್ಣಿಗೆ ಕಾಣದ ಬೆಳಕು ಸೆಕೆಂಡಿಗೆ ಸುಮಾರು 38,000 ಸಲ ಮಿಣುಕಬೇಕು. ಅದಿಲ್ಲದ ಟ್ಯಾಬ್ ಟಿವಿ ಮುಂದ ಮೂಕಬಸವ.

ಮಾಲಕ: 2014ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎಸ್‌ನಾಗ ಇತ್ರಿ. ಐಪ್ಯಾಡ್‌ನಾಗಂತೂ ಎಂದೂ ಬಂದಿಲ್ಲ. ಈಗೆಲ್ಲಾ ವೈಫೈ. ಗ್ವಾಡಿ ಆಚಿಂದನೂ ಟಿವಿ ಬಂದ್ ಮಾಡಬಹುದು.

ಗಿರಾಕಿ: ಗ್ವಾಡಿ ಆಚಿ ನಿಂತು ನಾ ಯಾಕ್ ಬಂದ್ ಮಾಡ್ಲಿ?

ಮಾಲಕ: ಒಳಗ ಧಾರಾವಾಹಿ ನೋಡ್ತಿರ್ತಾರಲ್ರಿ!

ಗಿರಾಕಿ: ನೋಡಾಕಿ ನಮ್ಮವ್ವ. ಕನ್ನಡದ್ದೂ ಬೇಕು, ಮರಾಠಿದೂ ಬೇಕು. ಲಾಕ್ ತಗದು, ಆ್ಯಪ್ ಹುಡುಕಿ, ಆವಾಜ್ ಕಡಿಮಿ ಮಾಡೂದ್ರಾಗ ಅತ್ತಿ-ಸೊಸಿ ಜಗಳ ಮುಗದಿರ್ತೈತಿ. ಲೈಟ್ ಹೋದ್ರ ರೌಟರೂ ಬಂದ್.

ಮಾಲಕ: ಲೈಟ್ ಹೋದ್ರ ಟಿವಿನೂ ಬಂದ್ ಅಲ್ಲೇನ್ರಿ? ಇರ್ಲಿ, ಇಎಂಐ ಮಾಡಿಕೊಡ್ತೀನಿ.

(ಓದುಗರೇ, ಟ್ಯಾಬ್ ಕೊಳ್ಳುವ ಮೊದಲು ಮನೆಯ ಟಿವಿಗೆ ವೈಫೈ ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಯುನಿವರ್ಸಲ್ ರಿಮೋಟ್ ಕೇಳಿ. ಅದಕ್ಕೆ ಇಎಂಐ ಇಲ್ಲ, ಎರಡು ಸೆಲ್ ಸಾಕು.)