ರಾಯರ ಬಡ್ಡಿಗೂ ಒಂದು ಬಡ್ಡಿ

ನಮ್ಮ ಬಡಾವಣೆಯ ಪಾರ್ಕಿನಲ್ಲಿ ದಿನಾ ಬೆಳಗ್ಗೆ ಆರೂವರೆಗೆ ರಿಸರ್ವ್ ಬ್ಯಾಂಕಿನ ಸಭೆ ಸೇರುತ್ತದೆ. ಮಂಕಿ ಟೋಪಿ ಹಾಕಿದ ಐದಾರು ಜನ ಗವರ್ನರುಗಳು ಕಲ್ಲುಬೆಂಚಿನ ಮೇಲೆ ಕೂತು, ರೆಪೋ ದರ ಎಷ್ಟಿರಬೇಕೆಂದು ತೀರ್ಮಾನಿಸಿ, ಎಂಟಕ್ಕೆ ಹಾಲಿನ ಪ್ಯಾಕೆಟ್ ಹಿಡಿದು ಮನೆಗೆ ಹೋಗುತ್ತಾರೆ. ಎಲ್ಲರೂ ನಿವೃತ್ತರು. ‘ರಿಟೈರಾದ ಮೇಲೆ ಏನು ಮಾಡ್ತಿದೀರಿ ಸಾರ್?’ ಅಂತ ಯಾರನ್ನು ಕೇಳಿದರೂ ಉತ್ತರ ಒಂದೇ: ಅರ್ಧ ಎಫ್‌ಡಿ, ಕಾಲು ಭಾಗ ಪೋಸ್ಟಾಫೀಸು, ಮಿಕ್ಕಿದ್ದು ಮಗ ಹೇಳಿದ ಮ್ಯೂಚುವಲ್ ಫಂಡು. ನಾವು ಕೇಳಿದ್ದು ಅವರ ಸಮಾಚಾರ. ಅವರು ಹೇಳಿದ್ದು ದುಡ್ಡಿನ ಸಮಾಚಾರ.

ಇವರಲ್ಲಿ ನನಗೆ ಅಚ್ಚುಮೆಚ್ಚು ನಮ್ಮ ಬೀದಿಯ ರಾಯರು. ರಾಜ್ಯ ಸರ್ಕಾರದ ನೌಕರಿ. 60 ತುಂಬಿದ ತಿಂಗಳ ಕೊನೆಯ ದಿನ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದರು. ಗ್ರಾಚ್ಯುಟಿ, ಜಿಪಿಎಫ್, ಗಳಿಕೆ ರಜೆಯ ನಗದು, ಪಿಂಚಣಿಯಲ್ಲಿ ಒಂದು ಭಾಗ ಕಮ್ಯೂಟ್ ಮಾಡಿಸಿದ್ದು ಎಲ್ಲ ಸೇರಿ ಇಡಿಗಂಟು ಕೈಗೆ ಬಂತು. ಅಲ್ಲಿಯವರೆಗೆ ‘ಸರ್ವರ್ ಡೌನ್, ಮಧ್ಯಾಹ್ನ ಬನ್ನಿ’ ಅನ್ನುತ್ತಿದ್ದ ಬ್ಯಾಂಕಿನವರು ಕುರ್ಚಿ ಕೊಟ್ಟು ಕಾಫಿ ತರಿಸಿದರಂತೆ. ಕಾಫಿ ಮುಗಿಯುವಷ್ಟರಲ್ಲಿ ಅರವತ್ತರ ರಾಯರ ಮುಂದೆ ಇಪ್ಪತ್ತು ವರ್ಷದ ವಿಮಾ ಪಾಲಿಸಿಯ ಅರ್ಜಿ ಬಂತು. ರಾಯರೇನು ಸಾಮಾನ್ಯರೇ? ಇಡೀ ಸರ್ವೀಸಿನಲ್ಲಿ ಕಡತಗಳನ್ನು ‘ಪರಿಶೀಲನೆಯಲ್ಲಿದೆ’ ಎಂದು ಬರೆದು ಪಕ್ಕಕ್ಕಿಟ್ಟವರು. ಅದನ್ನೂ ಹಾಗೇ ಇಟ್ಟರು. ಅರ್ಧ ಪರ್ಸೆಂಟ್ ಹೆಚ್ಚು ಕೊಡುತ್ತೇವೆಂದು ಬಂದ ಸಹಕಾರಿ ಬ್ಯಾಂಕಿನವರನ್ನು, ‘ಬ್ಯಾಂಕ್ ಮುಳುಗಿದರೆ ವಿಮೆ ಇರೋದು 5 ಲಕ್ಷಕ್ಕೆ ಮಾತ್ರ ಅಲ್ವೇನಪ್ಪಾ?’ ಅಂತ ಕೇಳಿ ಸಾಗಹಾಕಿದರು. ಇಲ್ಲಿಯವರೆಗೆ ರಾಯರಿಗೆ ನೂರಕ್ಕೆ ನೂರು.

ಮುಂದೆ ಪೋಸ್ಟಾಫೀಸಿಗೆ ಹೋಗಿ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಪೂರಾ 30 ಲಕ್ಷ ಇಟ್ಟರು. ಮೊದಲು 15 ಲಕ್ಷವಿದ್ದ ಮಿತಿ 2023ರ ಏಪ್ರಿಲ್‌ನಲ್ಲಿ ದುಪ್ಪಟ್ಟಾಗಿತ್ತು. ಬಡ್ಡಿ ಶೇ. 8.2, ಮೂರು ತಿಂಗಳಿಗೊಮ್ಮೆ 61,500 ರೂಪಾಯಿ. ಸರ್ಕಾರ ಈ ಯೋಜನೆ ಮಾಡಿದ್ದೇ ವಯಸ್ಸಾದವರು ಕೈಬಿಚ್ಚಿ ಖರ್ಚು ಮಾಡಿಕೊಂಡು ಇರಲಿ ಎಂದು. ರಾಯರು ಮಾಡಿದ್ದೇನು ಗೊತ್ತೇ? ಬಂದ ಬಡ್ಡಿಯನ್ನು ಆರ್‌ಡಿಗೆ ಕಟ್ಟಿದರು. ಆರ್‌ಡಿ ಮುಗಿದಾಗ ಅದನ್ನು ಎಫ್‌ಡಿ ಮಾಡಿದರು. ಈಗ ಆ ಎಫ್‌ಡಿಗೆ ಬರುವ ಬಡ್ಡಿಯ ಮೇಲೆ ಟಿಡಿಎಸ್ ಹಿಡಿಯಬಾರದೆಂದು ಏಪ್ರಿಲ್ ಬಂತೆಂದರೆ ಫಾರಂ ಹಿಡಿದು ಓಡಾಡುತ್ತಾರೆ. ಅಸಲಿನ ಸುದ್ದಿಗಂತೂ ಹೋಗುವಂತಿಲ್ಲ, ಅದು ಕುಲದೇವರ ಹುಂಡಿ.

ಇಷ್ಟಾಗಿ ಹೋಟೆಲಿಗೆ ಹೋದರೆ ಮೆನು ಕಾರ್ಡನ್ನು ಬಲಗಡೆಯಿಂದ ಓದುತ್ತಾರೆ. ಮಸಾಲೆ ದೋಸೆಯ ರೇಟು ನೋಡಿ, ‘ಏನಿಲ್ಲಪ್ಪ, ಡಾಕ್ಟರು ಎಣ್ಣೆ ಬೇಡ ಅಂದಿದಾರೆ’ ಎಂದು ಎರಡು ಇಡ್ಲಿ ಹೇಳುತ್ತಾರೆ. ಸಾಂಬಾರು ಮಾತ್ರ ಮೂರು ಸಲ.

ರಾಯರ ಪರವಾಗಿಯೂ ಒಂದು ಮಾತು ಹೇಳಬೇಕು. ಅವರ ಹೆದರಿಕೆ ಪೂರ್ತಿ ಹುಸಿಯಲ್ಲ. ಬೆಲೆ ವರ್ಷಕ್ಕೆ ಶೇ. 6ರಂತೆ ಏರಿದರೆ 12 ವರ್ಷಕ್ಕೆ ಎಲ್ಲವೂ ದುಪ್ಪಟ್ಟು. 72ನ್ನು ಆರರಿಂದ ಭಾಗಿಸಿ ನೋಡಿ. ಇನ್ನು ಆಯುಸ್ಸು ಯಾರ ಕೈಲಿದೆ? ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು 1913ರಲ್ಲಿ ಹುಟ್ಟಿ 2021ರವರೆಗೆ ಇದ್ದರು. ಅಂದರೆ ಅರವತ್ತಾದ ಮೇಲೆ 47 ವರ್ಷ! ಎಂಬತ್ತಕ್ಕೆ ಲೆಕ್ಕ ಮುಗಿಸಿದವರ ಗತಿಯೇನು? ಹಾಗಾಗಿ ಸ್ವಲ್ಪ ಭಾಗ ಷೇರು ಫಂಡಿನಲ್ಲಿ ಬೆಳೆಯಲಿ ಅನ್ನುವ ರಾಯರ ಮಗನ ಮಾತೂ ಸರಿಯೇ. 2006ರ ಏಪ್ರಿಲ್ ನಂತರ ರಾಜ್ಯದಲ್ಲಿ ನೌಕರಿಗೆ ಸೇರಿದವರು ಎನ್‌ಪಿಎಸ್‌ನವರು. ಅವರಂತೂ ಈ ಲೆಕ್ಕವನ್ನು ಸಂಬಳ ಬರುವಾಗಲೇ ಹಾಕಬೇಕು.

ಆದರೆ ಅದೇ ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಅಂಕಣ ಶುರು ಮಾಡಿದ್ದು 1991ರಲ್ಲಿ. ಆಗ ಅವರಿಗೆ 78 ಸಮೀಪಿಸಿತ್ತು. ಇದನ್ನು ರಾಯರಿಗೆ ಹೇಳಿದೆ. ‘ಅಂಕಣಕ್ಕೆ ಸಂಭಾವನೆ ಎಷ್ಟು ಕೊಡ್ತಿದ್ರಂತೆ?’ ಅಂದರು.

ರಾಯರಿಗೂ ಆಸೆಗಳಿದ್ದವು. ಕೊಳಲು ಕಲಿಯಬೇಕು ಅನ್ನುತ್ತಿದ್ದರು. ಕೊಳಲು ಕೊಂಡದ್ದೂ ಆಯಿತು. ಈಗ ಅದರಲ್ಲಿ ಅಟ್ಟದ ಮೇಲಿನ ಜೇಡರಬಲೆ ತೆಗೆಯುತ್ತಾರೆ. ಹತ್ತು ಗಂಟೆಯಾಯಿತೆಂದರೆ ಕೈಕಾಲು ಆಡುವುದಿಲ್ಲ. ಆಫೀಸಿಲ್ಲ, ಸಹಿ ಹಾಕಲು ಕಡತವಿಲ್ಲ. ಸೀದಾ ಅಡುಗೆಮನೆಗೆ ನುಗ್ಗಿ ತಪಾಸಣೆ ಆರಂಭಿಸುತ್ತಾರೆ: ಸಾಸಿವೆ ಡಬ್ಬಿಗೆ ಲೇಬಲ್ ಏಕಿಲ್ಲ? ಗ್ಯಾಸ್ ಸಿಲಿಂಡರ್ ಯಾವ ತಾರೀಕಿಗೆ ಹಾಕಿದ್ದು? ಮೊನ್ನೆ ಅವರ ಮನೆಯವರು ಸೌಟು ಹಿಡಿದುಕೊಂಡೇ ಕೇಳಿದರು: ‘ನಿಮಗೇನೋ ಅರವತ್ತಕ್ಕೆ ರಿಟೈರ್‌ಮೆಂಟ್ ಕೊಟ್ಟರು. ನನ್ನ ಆರ್ಡರ್ ಯಾವಾಗ ಬರತ್ತೆ?’ ರಾಯರು ಪೇಪರಿನಲ್ಲಿ ಮುಖ ಮುಚ್ಚಿಕೊಂಡರು. ವಿಷಯ ಪರಿಶೀಲನೆಯಲ್ಲಿದೆ.

ಇನ್ನು ನವೆಂಬರ್. ಪಿಂಚಣಿದಾರರು ತಾವು ಬದುಕಿದ್ದೇವೆಂದು ಬ್ಯಾಂಕಿಗೆ ಜೀವಂತ ಪ್ರಮಾಣಪತ್ರ ಕೊಡುವ ತಿಂಗಳು. ರಾಯರು ಮೊದಲ ದಿನವೇ ಸಾಲಿನಲ್ಲಿ ನಿಂತು ಹೆಬ್ಬೆಟ್ಟೊತ್ತಿ ಬರುತ್ತಾರೆ. ಮಿಕ್ಕ ಹನ್ನೊಂದು ತಿಂಗಳು ಅದರ ಪುರಾವೆ ಯಾರಿಗೂ ಸಿಗುವುದಿಲ್ಲ.

ಆದ್ದರಿಂದ ರಾಯರೇ, ನಿಮ್ಮಂಥ ಎಲ್ಲ ರಾಯರುಗಳೇ, ಆಸ್ಪತ್ರೆಗೆಂದು ಒಂದಷ್ಟು ಪಕ್ಕಕ್ಕಿಡಿ, ಬೇಡ ಅಂದವರಾರು? ಅಸಲನ್ನೂ ಮುಟ್ಟಬೇಡಿ, ಬಿಡಿ. ಆದರೆ ಈ ಸಲದ 61,500 ಆರ್‌ಡಿಗೆ ಹೋಗದಿರಲಿ. ಕೊಳಲಿನ ಮೇಷ್ಟ್ರಿಗೆ ಮೂರು ತಿಂಗಳ ಫೀಜು ಮೊದಲೇ ಕಟ್ಟಿಬಿಡಿ. ಕಟ್ಟಿದ ದುಡ್ಡು ದಂಡವಾದೀತೆಂಬ ಸಂಕಟಕ್ಕಾದರೂ ಕ್ಲಾಸಿಗೆ ಹೋಗುತ್ತೀರಿ. ಮಿಕ್ಕಿದ್ದರಲ್ಲಿ ಮನೆಯವರನ್ನು ಕರೆದುಕೊಂಡು ಶೃಂಗೇರಿಗೋ ಹೊರನಾಡಿಗೋ ಹೋಗಿ ಬನ್ನಿ. ಕೆಂಪು ಬಸ್ಸಿನಲ್ಲಿ ಶಕ್ತಿ ಯೋಜನೆಯ ದೆಸೆಯಿಂದ ಅವರಿಗೆ ಟಿಕೆಟ್ಟಿನ ದುಡ್ಡಿಲ್ಲ, ಹಿರಿಯ ನಾಗರಿಕರೆಂದು ನಿಮಗೆ ಶೇ. 25 ರಿಯಾಯಿತಿ. ಇಬ್ಬರದೂ ಆಧಾರ್ ಕಾರ್ಡು ಇಟ್ಟುಕೊಳ್ಳಲು ಮರೆಯಬೇಡಿ.