ಬೆಂಚಿನ ಮೇಲೆ ಕೂತವರ ಗಂಟೆಗೆ ಎಷ್ಟು?

ರಸ್ತೆ ಯೋಜನೆಗಳ ಲಾಭ-ನಷ್ಟ ಲೆಕ್ಕ ಹಾಕುವ ಮಹನೀಯರಿಗೆ ಬಹಿರಂಗ ಪತ್ರ

ಲಾಭ-ವೆಚ್ಚ ಅನುಪಾತದಲ್ಲಿ ಒಂದು ಕಡೆ ಜಮೀನು, ಜಲ್ಲಿ, ಡಾಂಬರು, ನಿರ್ವಹಣೆ. ಇನ್ನೊಂದು ಕಡೆ ಉಳಿಯುವ ಡೀಸೆಲ್, ತಪ್ಪುವ ಅಪಘಾತ, ಎಲ್ಲಕ್ಕಿಂತ ಮಿಗಿಲಾಗಿ ಉಳಿಯುವ ಸಮಯ. ಅನುಪಾತ 1 ದಾಟಿದರೆ ಯೋಜನೆ ಪಾಸು. ಸೇತುವೆಯಿಂದ ಜನಕ್ಕಾಗುವ ಉಪಯೋಗವನ್ನು ಹಣದಲ್ಲಿ ಅಳೆಯುವ ದಾರಿಯನ್ನು ಫ್ರಾನ್ಸಿನ ಎಂಜಿನಿಯರ್ ಜೂಲ್ ಡ್ಯುಪ್ವಿ 1844ರಲ್ಲೇ ತೋರಿಸಿದ್ದ. ರಸ್ತೆ ಅಗಲವಾದಷ್ಟೂ ಹೊಸ ವಾಹನ ಬಂದು ತುಂಬಿಕೊಳ್ಳುತ್ತವೆ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಆಂಥೊನಿ ಡೌನ್ಸ್ 1962ರಲ್ಲಿ ಎಚ್ಚರಿಸಿದ. ಆ ಜಗಳ ಇನ್ನೊಂದು ಪತ್ರಕ್ಕಿರಲಿ.

ಈ ಪತ್ರದ ತಕರಾರು ಕಾಯುವುದರದ್ದು. ನಿಲ್ದಾಣದಲ್ಲಿ ಬಸ್ಸಿಗೆ ಕಾಯುವ ಒಂದು ನಿಮಿಷವನ್ನು ಬಸ್ಸಿನೊಳಗಿನ ಸುಮಾರು ಎರಡು ನಿಮಿಷಕ್ಕೆ ಸಮ ಎಂದು ಹಿಡಿಯುವುದು ಸಾರಿಗೆ ಅರ್ಥಶಾಸ್ತ್ರದಲ್ಲಿ ರೂಢಿ. ಕಚೇರಿ ಬೆಂಚಿನ ಮೇಲಿನ ನಿಮಿಷಕ್ಕೆ ಮಾತ್ರ ಕಾಲಂ ಇಲ್ಲ.

ಮೊನ್ನೆ ಅಂಥದೊಂದು ಬೆಂಚಿನ ಮೇಲೆ ಹಿರಿಯ ರೈತರೊಬ್ಬರು ಕೂತಿದ್ದರು. ಮಡಿಲಲ್ಲಿ ಪ್ಲಾಸ್ಟಿಕ್ ಕವರು; ಒಳಗೆ ಪಹಣಿ, ಇ.ಸಿ., ಮಡಿಕೆಯಲ್ಲಿ ಹರಿದ ನೋಟಿಸಿನ ಜೆರಾಕ್ಸು. ಪತ್ರ ಬರೆದವರು ಪಕ್ಕದಲ್ಲಿ, ಹತ್ತೂವರೆಯಿಂದ. "ಸಾಹೇಬ್ರು ಮೀಟಿಂಗಲ್ಲಿದ್ದಾರೆ." ಮಧ್ಯಾಹ್ನ ಎರಡಕ್ಕೂ ಮೀಟಿಂಗಲ್ಲಿದ್ದಾರೆ. ನಾಲ್ಕಕ್ಕೆ, "ನಾಳೆ ಬನ್ನಿ."

ಆ ನೋಟಿಸಿನ ಮೂಲ ಇದು: ತುಮಕೂರು ರಸ್ತೆಯಿಂದ ಬಳ್ಳಾರಿ ರಸ್ತೆ, ಹಳೇ ಮದ್ರಾಸ್ ರಸ್ತೆ ದಾಟಿ ಹೊಸೂರು ರಸ್ತೆ ಮುಟ್ಟಬೇಕಾದ ಬೆಂಗಳೂರಿನ ಪೆರಿಫೆರಲ್ ರಿಂಗ್ ರಸ್ತೆಗೆ 2005ರಲ್ಲಿ ಪ್ರಾಥಮಿಕ, 2007ರಲ್ಲಿ ಅಂತಿಮ ಅಧಿಸೂಚನೆ ಬಂತು. ಉದ್ದ ಸುಮಾರು 73 ಕಿಲೋಮೀಟರ್. ಆಮೇಲೆ ಬೆಂಗಳೂರು ಬಿಸಿನೆಸ್ ಕಾರಿಡಾರ್ ಎಂಬ ಹೊಸ ಹೆಸರೂ ಬಂತು. ನಾಮಕರಣ ಆಯಿತು, ಕೂಸಿನ ಪತ್ತೆ ಇಲ್ಲ. ನಡುವೆ ಅಧಿಸೂಚಿತ ಜಮೀನು ಮಾರಲು ತೊಡಕು, ಮನೆ ಕಟ್ಟಲು ತೊಡಕು, ಮಗಳ ಮದುವೆಗೆಂದು ಅಡ ಇಡಲೂ ತೊಡಕು. ಪರಿಹಾರವನ್ನು 2013ರ ಭೂಸ್ವಾಧೀನ ಕಾಯ್ದೆಯಂತೆ ಕೊಡಿ ಎಂದು ರೈತರು, ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಕಾಯ್ದೆಯೇ ಸಾಕು ಎಂದು ಸರ್ಕಾರ.

ಕೈಬಿಟ್ಟುಹೋದ ಅವಕಾಶಕ್ಕೂ ಬೆಲೆಯುಂಟು ಎಂಬುದು ಅರ್ಥಶಾಸ್ತ್ರದ ಮೊದಲ ಪಾಠ. ಆದರೆ ಲಾಭ-ವೆಚ್ಚ ವರದಿಯ ಮೊದಲ ವರ್ಷ ಸಾಮಾನ್ಯವಾಗಿ ಕಾಮಗಾರಿ ಶುರುವಾಗುವ ವರ್ಷ. ಅದಕ್ಕೂ ಹಿಂದೆ ರೈತ ಕಾದದ್ದು ಯಾವ ಕೋಷ್ಟಕದಲ್ಲೂ ಇಲ್ಲ. ಅತ್ತ ಮುಂದಿನ ಲಾಭವನ್ನು ಇಂದಿನ ಬೆಲೆಗೆ ಇಳಿಸುವಾಗ ಲೆಕ್ಕ ಬಲು ಕಟ್ಟುನಿಟ್ಟು. ಭಾರತದ ರಸ್ತೆ ಯೋಜನೆಗಳಲ್ಲಿ ಬಳಕೆಯಲ್ಲಿರುವ ಶೇ. 12ರ ದರದಲ್ಲಿ, 18 ವರ್ಷದ ನಂತರ ಸಿಗುವ 100 ರೂಪಾಯಿಗೆ ಇಂದು ಸುಮಾರು 13 ರೂಪಾಯಿ. ಹಾಗಾದರೆ ಅದೇ ದರವನ್ನು ತಿರುಗಿಸಿ, 18 ವರ್ಷದ ಹಿಂದೆ ರೈತ ಕಳೆದುಕೊಂಡ 100 ರೂಪಾಯಿಯನ್ನು ಇಂದು ಸುಮಾರು 769 ಎಂದು ಬರೆಯಲು ಯಾರ ಅಡ್ಡಿ? ಹಾಳಾದ್ದು ಒಂದು ಕಾಲಂ! ಕಾರಿನಲ್ಲಿ ಹೋಗುವವನ ಹತ್ತು ನಿಮಿಷಕ್ಕೆ ಬೆಲೆ ಕಟ್ಟಲು ಬರುತ್ತದೆ, ಬೆಂಚಿನ ಮೇಲೆ ಮುದುಕರಾದವರದ್ದಕ್ಕೆ ಬರುವುದಿಲ್ಲವೇ?

ವಿವರಣೆ ಕೇಳಲು ಮತ್ತೆ ಹೋಗಿದ್ದಾಯಿತು. ಸಾಹೇಬ್ರು ಮೀಟಿಂಗಲ್ಲಿದ್ದಾರೆ.

ಇತಿ,
ಬೆಂಚಿನ ಎಡತುದಿಯವರು