ಪಾಸಣ್ಣ

ಮೈಸೂರಿನಿಂದ ಬೆಂಗಳೂರಿಗೆ ಬೆಳಗಿನ ಹೊತ್ತು ಓಡುವ ರೈಲು ಯಾರದು ಎಂದು ಕೇಳಿದರೆ, ಶಾಲೆಯ ಮಕ್ಕಳು ಭಾರತೀಯ ರೈಲ್ವೆಯದು ಎಂದಾರು. ಮಂಡ್ಯದಲ್ಲಿ ಹತ್ತುವ ಪಾಸಣ್ಣನನ್ನು ಅವರಿನ್ನೂ ನೋಡಿಲ್ಲ. 150 ಕಿ.ಮೀ. ಒಳಗಿನ ದೂರಕ್ಕೆ ರೈಲ್ವೆಯವರು ಕೊಡುವ ತಿಂಗಳ ಪಾಸನ್ನು ಅವನು ಪಹಣಿ ಎಂದೇ ತಿಳಿದು, ಪ್ಲಾಸ್ಟಿಕ್ ಕವರಿನಲ್ಲಿ ಮನೆದೇವರ ಪಟದ ಜೊತೆ ಇಟ್ಟುಕೊಂಡಿರುತ್ತಾನೆ.

ಅವನ ಕಿಟಕಿ ಸೀಟು ಮೈಸೂರಿನಲ್ಲೇ ಭರ್ತಿ. ಅಲ್ಲಿ ಹತ್ತುವ ಗೆಳೆಯ ಕರ್ಚೀಫು ಹಾಸಿರುತ್ತಾನೆ. ಪಾಂಡವಪುರದಲ್ಲಿ ಹತ್ತಿದ ಅಮಾಯಕರು ಯಾರಾದರೂ ಅದರ ಮೇಲೆ ಕೂತಿದ್ದರೆ ಪಾಸಣ್ಣ ಜಗಳಕ್ಕೆ ನಿಲ್ಲುವವನಲ್ಲ. "ಸ್ವಾಮಿ, ಹೊಸಬ್ರಾ?" ಎನ್ನುತ್ತಾನೆ. ಆ ದನಿಯಲ್ಲಿ ಎಂಥ ಕನಿಕರ ಇರುತ್ತದೆಂದರೆ, ಕೂತವರು ತಾವಾಗಿಯೇ ಎದ್ದು ಜಾಗ ಬಿಡುತ್ತಾರೆ. ಜೋಡಿ ಹಳಿ ಹಾಕಲು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಶಸ್ತ್ರಾಗಾರವನ್ನೇ 2017ರಲ್ಲಿ ಇಡಿಯಾಗಿ ಎತ್ತಿ ಆಚೆಗಿಟ್ಟರು. ಪಾಸಣ್ಣನನ್ನು ಕಿಟಕಿಯಿಂದ ಒಂದು ಗೇಣು ಸರಿಸುವ ಎಂಜಿನಿಯರು ಇನ್ನೂ ಹುಟ್ಟಬೇಕು.

ಮದ್ದೂರು ಬಂದರೆ ವಡೆ. ಪಾಸಣ್ಣ ಮೊದಲು ಕೊಳ್ಳುವುದಿಲ್ಲ, ಪರೀಕ್ಷೆ ಮಾಡುತ್ತಾನೆ. ಬುಟ್ಟಿಯಿಂದ ಒಂದನ್ನೆತ್ತಿ, ಕಿವಿಯ ಹತ್ತಿರ ಹಿಡಿದು ಅಂಚು ಮುರಿಯುತ್ತಾನೆ.

"ಲಟಕ್ ಅನ್ನಲಿಲ್ವಲ್ಲೋ, ನಿನ್ನೇದಾ?"

"ಇವತ್ತಿಂದೇ ಕಣಣ್ಣ. ನಿನ್ನೇವ ನೀವೇ ಖಾಲಿ ಮಾಡುದ್ರಲ್ಲ!"

ಬೋಗಿಯೆಲ್ಲ ನಗುತ್ತದೆ. ಪಾಸಣ್ಣ ಗಂಭೀರವಾಗಿ ನಾಲ್ಕು ವಡೆ ಕಟ್ಟಿಸಿಕೊಳ್ಳುತ್ತಾನೆ.

ರೈಲು ನಿಂತರೆ ಕಾರಣ ಹೇಳುವ ಹೊಣೆಯೂ ಅವನದೇ. ಒಂದೇ ಹಳಿ ಇದ್ದಾಗ "ಕ್ರಾಸಿಂಗು" ಎಂದರೆ ಮುಗಿಯುತ್ತಿತ್ತು. ಜೋಡಿ ಹಳಿ ಬಂದು ಆ ನೆಪ ಹೋಯಿತು. ಈಗ ಚನ್ನಪಟ್ಟಣದ ಆಚೆ ತೆಂಗಿನ ತೋಟದ ಪಕ್ಕ ನಿಂತರೂ, "ಬೆಂಗಳೂರಲ್ಲಿ ಪ್ಲಾಟ್‌ಫಾರಂ ಖಾಲಿ ಇಲ್ಲ, ಔಟರ್‌ನಲ್ಲಿ ಹಾಕವ್ನೆ" ಎಂದು ತೀರ್ಪು ಕೊಟ್ಟು, ಬಾಯಿ ತೆರೆದು ನಿದ್ದೆ ಹೋಗುತ್ತಾನೆ. ಯಾರೂ ಎಬ್ಬಿಸಬೇಕಿಲ್ಲ. ಕೆಂಗೇರಿ ಬರುತ್ತಿದ್ದಂತೆ ಕಣ್ಣು ತಾನೇ ಬಿಡುತ್ತದೆ, ಕೈ ತಾನೇ ಬ್ಯಾಗಿಗೆ ಹೋಗುತ್ತದೆ.

ದಾರಿಯುದ್ದಕ್ಕೂ ರೈಲನ್ನು ಬೈಯುವವನೂ ಅವನೇ, ಆಯುಧಪೂಜೆಗೆ ಚಂದಾ ಎತ್ತಿ ಬೋಗಿಗೆ ಬಾಳೆಕಂದು ಕಟ್ಟಿ ಪುರಿ ಹಂಚುವವನೂ ಅವನೇ. "ದಶಪಥ ಆಗಿದೆಯಲ್ಲ, ಬಸ್ಸಿಗೆ ಹೋಗಬಾರದೇ?" ಎಂದು ಯಾರೋ ಹಿತ ಹೇಳಿದರು. ಪಾಸಣ್ಣ ಕೆಂಡವಾದ: "ಬಸ್ಸಲ್ಲಿ ಎದುರುಬದುರು ಕೂತು ಇಸ್ಪೀಟ್ ಆಡಕ್ಕಾಯ್ತದಾ?"

ಆದ್ದರಿಂದ ಅಪರೂಪಕ್ಕೆ ಈ ರೈಲು ಹತ್ತುವವರಿಗೆ ಒಂದು ಮಾತು. ತಡವಾದರೆ ಬಾಯಿ ಮುಚ್ಚಿಕೊಂಡು ಕೂತಿರಿ. ಟಿಕೆಟ್ಟು ಕೊಂಡವರಿಗೆ ಪ್ರಯಾಣ ಮಾಡುವ ಹಕ್ಕಷ್ಟೇ ಇದೆ. ಬೈಯುವ ಹಕ್ಕು ಪಾಸಿನವರಿಗೆ ಮಾತ್ರ.